ಗುಂಡಪ್ಪನಿಗೆ ಜೊತೆ

ದಟ್ಟಗಳ್ಳಿಯ ನಮ್ಮ ಎದುರುಮನೆ ಮಂಜುಳಮ್ಮನವರ ಹೊಸಿಲನ್ನು ಮೊಟ್ಟೆ ಹಾಕಿದ ಕೇಕು ಕೂಡ ದಾಟಿಲ್ಲ. ಅಂಥ ಮನೆಯ ಹಜಾರದಲ್ಲಿ ಗುಂಡಪ್ಪನೆಂಬ ಆಸ್ಕರ್ ಮೀನು, ಬೇಯಿಸಿದ ಬಟಾಣಿ ತಿನ್ನುತ್ತ, ಗಾಜಿನ ತೊಟ್ಟಿಯಲ್ಲಿ ಆ ತುದಿಯಿಂದ ಈ ತುದಿಗೆ ಠಳಾಯಿಸುತ್ತಿತ್ತು. ಗಾಜಿಗೆ ದಿನವೂ ವಿಭೂತಿ. ಅದನ್ನು ಮಾತಾಡಿಸದೆ ಆಕೆ ಕಾಫಿ ಮುಟ್ಟುವವರಲ್ಲ.

"ಗುಂಡಪ್ಪಂಗೆ ಬೇಜಾರಾಗ್ಬುಟ್ಟಿದೆ ಕಣಮ್ಮ, ಜೊತೆ ಬೇಕು" ಎಂದು ಒಂದು ದಿನ ನನ್ನನ್ನೂ ಮೀನಿನಂಗಡಿಗೆ ಎಳೆದುಕೊಂಡು ಹೋದರು.

ಅಂಗಡಿಯ ಪುಟ್ಟಣ್ಣ ಮೊದಲೇ ಹೇಳಿದ. "ಅಮ್ಮಾವ್ರೇ, ಅದು ದೊಡ್ಡ ಮೀನು, ಭಾರಿ ಚುರುಕು. ಬಾಯಲ್ಲಿ ಹಿಡಿಸೋದನ್ನೆಲ್ಲ ನುಂಗ್ಬುಡುತ್ತೆ. ಅದರ ಅಳತೇದೇ ತಗೊಳ್ಳಿ."

"ನಮ್ಮನೇಲಿ ಆ ಪದ್ಧತಿ ಇಲ್ಲಪ್ಪ" ಎಂದ ಮಂಜುಳಮ್ಮ, ಬೆರಳುದ್ದದ ಕೆಂಪು ಮೀನುಗಳನ್ನು ಆರಿಸಿಕೊಂಡರು. ಹೊಸ ಸೊಸೆಯರಿಗೆ ಮಾಡುವಂತೆ ಆರತಿ ಎತ್ತಿ ತೊಟ್ಟಿಗೆ ಬಿಟ್ಟರು.

ಬೆಳಗ್ಗೆ ನೋಡಿದರೆ ಗುಂಡಪ್ಪ ಒಬ್ಬನೇ. ಬಟಾಣಿಯ ಕಡೆ ತಿರುಗಿಯೂ ನೋಡಲಿಲ್ಲ. "ಆಚೆ ಹಾರ್ಬುಟ್ಟವೆ!" ಎಂದು ಆಕೆ ಟಾರ್ಚು ಹಿಡಿದು ಸೋಫಾ ಕೆಳಗೆ ತೂರಿದರು.

"ಅಲ್ಲಲ್ಲ ಕಣೇ, ಅವನ ಹೊಟ್ಟೇಲಿ ಹುಡುಕು" ಎಂದರು ಯಜಮಾನರು ಬಸವರಾಜು, ಪೇಪರ್ ಕೆಳಗಿಳಿಸದೆ.

ಮಂಜುಳಮ್ಮ ಮತ್ತೆ ಪುಟಾಣಿ ಮೀನುಗಳನ್ನೇ ತಂದರು. ಅವೂ "ಹಾರಿದವು". ಬಸವರಾಜು ಪೇಪರ್ ಮಡಚಿಟ್ಟರು. "ಪೂಜೆ ಮಾಡೋ ಮನೇಲಿ ಕೊಲೆ ಬೇಡ. ಇನ್ನೊಂದು ಮೀನು ಕಾಣೆಯಾದ್ರೆ ಗುಂಡಪ್ಪ ವಾಪಸ್ ಅಂಗಡಿಗೆ!"

ಮಂಜುಳಮ್ಮನ ಕಣ್ಣು ತುಂಬಿತು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೂ ಪಾಪವೆನಿಸಿತು.

ಈ ಸಲ ಹಟ ಬಿಟ್ಟು ಪುಟ್ಟಣ್ಣ ಕೊಟ್ಟದ್ದನ್ನೇ ತಂದರು: ತಟ್ಟೆಯಂತೆ ಅಗಲವಾದ, ಬೆಳ್ಳಿ ಬಣ್ಣದ ಸಿಲ್ವರ್ ಡಾಲರ್ ಮೀನುಗಳು. "ಸೊಪ್ಪು ತಿನ್ನೋ ಜಾತಿಯಂತೆ, ನಮ್ಮೋರೇ!" ಮರುದಿನ ಕಣ್ಣು ಮುಚ್ಚಿ ನಿಂತು, "ನೀನೇ ನೋಡಿ ಹೇಳು" ಎಂದರು. ಎಲ್ಲವೂ ಇದ್ದವು. ಗುಂಡಪ್ಪ ಅಟ್ಟಿಸಿಕೊಂಡು ಬಂದರೆ ಅವೂ ಅಷ್ಟೇ ಜೋರಾಗಿ ತಪ್ಪಿಸಿಕೊಂಡು ಸುತ್ತುತ್ತಿದ್ದವು. "ಬುದ್ಧಿ ಹೇಳ್ದೆ, ಕೇಳ್ದ" ಎಂದು ಆಕೆ ಬೀದಿಗೆಲ್ಲ ಸಾರಿದರು.

ನಾನೂ ನಂಬುತ್ತಿದ್ದೆನೇನೋ. ಆದರೆ ಮೊನ್ನೆ ಅವರ ಗುಲಾಬಿ ಕುಂಡಗಳ ಹಿಂದೆ ಬಸವರಾಜು ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ ಎರೆಹುಳು ಆರಿಸಿ ಲೋಟಕ್ಕೆ ಹಾಕುತ್ತಿದ್ದರು. ನನ್ನನ್ನು ಕಂಡು ಲೋಟವನ್ನು ಪಂಚೆಯಲ್ಲಿ ಮುಚ್ಚಿಕೊಂಡರು.

"ಅವಳಿಗೆ ಹೇಳ್ಬೇಡಿ ಕಣಮ್ಮ, ಬೆಳಗ್ಗೇನೂ ಅವನಿಗೆ ಹಾಕಿದ್ದೆ. ಹಸ್ಕೊಂಡು ಮತ್ತೆ ಯಾರನ್ನಾದ್ರೂ ತಿಂದ್ರೆ, ಆಡಿದ ಮಾತಿಗೆ ನಾನೇ ಅವನನ್ನ ಕಳಿಸ್ಬೇಕಲ್ಲ!"

ಅಷ್ಟರಲ್ಲಿ ಒಳಗಿಂದ ಮಂಜುಳಮ್ಮನ ಸಂಭ್ರಮದ ಕೂಗು ಕೇಳಿಸಿತು.

"ರೀ, ಬಂದು ನೋಡಿ! ಗುಂಡಪ್ಪ ಬಟಾಣಿ ಮುಟ್ಟೇ ಇಲ್ಲ. ಇವತ್ತು ಸೋಮವಾರ ಅಲ್ವಾ, ಅವನೂ ಉಪವಾಸ!"