ಕರೆಂಟು ಹೋದರೆ ಇರಲಿ ಎಂದು ಇಟ್ಟ ಡಬ್ಬಿ

ಕಾರಿನ ಗಾಲಿ ಪಂಕ್ಚರ್ ಆಗಬಹುದಿತ್ತು. ಡಂಬಳದ ಹತ್ತಿರ ಕುರಿಹಿಂಡು ಅಡ್ಡ ಬಂದು ಅರ್ಧ ತಾಸು ನಿಲ್ಲಬೇಕಾಗಬಹುದಿತ್ತು. ಡಬ್ಬಿಯ ಮಂಜುಗಡ್ಡೆ ಕರಗಿ ರಕ್ತ ಬಿಸಿಯಾಗಿ ಕೆಡಬಹುದಿತ್ತು. ಕರಗದೆ, ರಕ್ತವೇ ಮಂಜುಗಡ್ಡೆಯಾಗಿ, ಹಾಗೂ ಕೆಡಬಹುದಿತ್ತು. ಕಾಗದದ ಮೇಲಿನ ನಂಬರು ಒಂದು, ಚೀಲದ ಮೇಲಿನದು ಇನ್ನೊಂದು ಇರಬಹುದಿತ್ತು. ಕೊಟ್ಟ ಪುಣ್ಯಾತ್ಮ ಲಕ್ಷ್ಮೇಶ್ವರದವನೋ ಶಿರಹಟ್ಟಿಯವನೋ, ಅವನಿಗೆ ಯಾವ ಪರೀಕ್ಷೆಗೂ ಸಿಗದ ರೋಗವಿರಬಹುದಿತ್ತು. ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬರುವ ನಾನು ಬ್ಲಡ್ ಬ್ಯಾಂಕಿನ ಬಾಗಿಲಲ್ಲೇ ಬಿದ್ದು, ಇನ್ನೊಂದು ಮಂಚ ಹಿಡಿಯಬಹುದಿತ್ತು.

ಆ ಮುಂಜಾನೆ ಮುಂಡರಗಿಯ ಆಸ್ಪತ್ರೆಯೊಂದರಲ್ಲಿ ನನ್ನ ತಂಗಿಗೆ ಹೆರಿಗೆಯಾಗಿತ್ತು. ಕೂಸು ಗಟ್ಟಿಮುಟ್ಟಾಗಿತ್ತು. ತಂಗಿಗೆ ಮಾತ್ರ ರಕ್ತ ಹೋಗಿ ಹೋಗಿ ತುಟಿ ಬಿಳಿಚಿಕೊಂಡಿತ್ತು. ಡಾಕ್ಟರು ಸ್ರಾವ ನಿಲ್ಲಿಸಿದ್ದರು. ಆದರೆ ಹೋದದ್ದನ್ನು ತುಂಬಲು ಅವಳ ಗುಂಪಿನ ರಕ್ತ ಅಲ್ಲಿ ಇರಲಿಲ್ಲ. ಅವಳನ್ನು ಈಗ ಅಲುಗಾಡಿಸುವುದು ಬೇಡ, ರಕ್ತವನ್ನೇ ಗದಗಿನಿಂದ ತನ್ನಿ ಎಂದರು. ಮನೆಗೆ ಹಿರಿಯ ಮಗ ನಾನೇ, ಮನೆಯ ಹೆದರುಪುಕ್ಕನೂ ನಾನೇ. ಅವಳ ರಕ್ತದ ಮಾದರಿಯ ಪುಟ್ಟ ಬಾಟಲಿಯನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಕೈ ಒತ್ತಿಕೊಂಡು ಬಾಡಿಗೆ ಕಾರು ಹತ್ತಿದೆ. ನೋಡಿದವರು ನನಗೇ ಎದೆನೋವು ಎಂದುಕೊಂಡಿರಬೇಕು.

ಗದಗಿನಲ್ಲಿ ಅವಳ ರಕ್ತಕ್ಕೆ ಹೊಂದುವುದನ್ನು ಪರೀಕ್ಷಿಸಿ ಕೊಡಲು ಒಂದು ತಾಸು ಹಿಡಿಯಿತು. ಎರಡು ಚೀಲಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಮಂಜುಗಡ್ಡೆ ತಾಗದಂತೆ ನಡುವೆ ರಟ್ಟು ಇಟ್ಟು, ಅಲ್ಲಿನವರು ಹೇಳಿದರು: "ಮುಚ್ಚಳ ತೆಗಿಬ್ಯಾಡ್ರಿ. ದಾರ್ಯಾಗ ಎಲ್ಲೂ ನಿಂದ್ರಬ್ಯಾಡ್ರಿ."

"ನಡುವ ಒಮ್ಮೆರ ನೋಡಬಹುದೇನ್ರಿ?"

"ಏನ್ ನೋಡ್ತೀರಿ? ಅದೇನು ಓಡಿ ಹೋಗತೈತೇನ್ರಿ?"

ಡಬ್ಬಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಅಪ್ಪಿ ಹಿಡಿದು ಕೂತೆ. ಕುರಿಗಳು ಬರಲಿಲ್ಲ. ಗಾಲಿಗೆ ಏನೂ ಆಗಲಿಲ್ಲ. ಅಪ್ಪುಗೆ ಮಾತ್ರ ಮುಂಡರಗಿಯವರೆಗೂ ಬಿಡಲಿಲ್ಲ.

ನರ್ಸು ಒಂದು ಚೀಲವನ್ನು ಫ್ರಿಜ್ಜಿಗೆ ಸೇರಿಸಿ, ಇನ್ನೊಂದರ ಗುಂಪು, ನಂಬರು, ತಾರೀಖು ಜೋರಾಗಿ ಓದಿದರು. ಡಾಕ್ಟರು ಕಾಗದ ನೋಡಿ ಹೂಂಗುಟ್ಟಿದರು. ಹಿಂದೆ ನಿಂತು ನಾನೂ ಹೂಂಗುಟ್ಟಿದೆ. ಅವ್ವ ಚೀಲ ಮುಟ್ಟಿ ನೋಡಿ ಗಾಬರಿಯಾದಳು.

"ಬಾಣಂತಿಗೆ ಇಷ್ಟ ತಣ್ಣಂದು ಯಾರರ ಕೊಡ್ತಾರೇನ್ರಿ? ಚೂರು ಕೌದ್ಯಾಗ ಸುತ್ತಿಡ್ರಿ, ಬೆಚ್ಚಗಾಗ್ಲಿ."

"ಯವ್ವಾ, ಹಂಗ ಬೆಚ್ಚಗ ಮಾಡಿದ್ರ ಕೆಡತೈತ್ರಿ. ಹಳೂಕ ಬಿಡ್ತೀನಿ, ಅಂಜಬ್ಯಾಡ್ರಿ. ಮೊದಲ ಕಾಲು ತಾಸು ನಾ ಇಲ್ಲೇ ಇರ್ತೀನಿ. ನಡುಗಿದ್ರ, ಮೈ ಬಿಸಿ ಆದ್ರ ನಿಲ್ಲಿಸಿಬಿಡೋದು," ಎಂದರು ನರ್ಸು.

ಅವ್ವ ಸುಮ್ಮನಾಗಿ, ಮನೆಯಿಂದ ತಂದ ಕೌದಿಯನ್ನು ಮಗಳ ಗದ್ದದವರೆಗೆ ಹೊದಿಸಿದಳು. ನಾನು ಸುಮ್ಮನಾಗಲಿಲ್ಲ. ಕರೆಂಟು ಹೋದರೆ? ಫ್ರಿಜ್ಜು ನಿಂತರೆ? ಎರಡನೆಯ ಚೀಲಕ್ಕೆ ಬೇಕಾದೀತೆಂದು ಮಂಜುಗಡ್ಡೆಯ ಡಬ್ಬಿಯನ್ನು ಉಳಿಸಿಕೊಂಡೆ. ನೆಲದ ಮೇಲಿಟ್ಟರೆ ಯಾರಾದರೂ ಒದ್ದಾರು. ಮಂಚದ ಮೇಲೆ, ತಂಗಿಯ ಕಾಲ ಬಳಿ ಇಟ್ಟೆ.

ರಕ್ತ ಬಿಡತೊಡಗಿ ಹತ್ತು ನಿಮಿಷ ಆಗಿರಲಿಲ್ಲ, ತಂಗಿ ನಡುಗತೊಡಗಿದಳು. ಹಲ್ಲು ಕಟಕಟ ಎನ್ನುತ್ತಿದ್ದವು. ನರ್ಸು ತಟ್ಟನೆ ರಕ್ತ ನಿಲ್ಲಿಸಿ ಡಾಕ್ಟರನ್ನು ಕೂಗಿದರು. ನಾಡಿ ಹಿಡಿದರು, ಜ್ವರ ನೋಡಿದರು, ನಂಬರು ಮತ್ತೆ ಓದಿದರು. ಈ ಸಲ ಹೂಂಗುಟ್ಟುವ ಬದಲು ಮಂಚದ ಸರಳು ಹಿಡಿದುಕೊಂಡೆ. ಆ ರಕ್ತವನ್ನು ತಂದವನು ನಾನು. ತೊಡೆಯ ಮೇಲೆ ಕೂರಿಸಿಕೊಂಡು, ತಂಗಿಯ ಸಾವನ್ನೇ ತಂದೆನೇನೋ ಅನಿಸಿತು.

"ಅಣ್ಣಾ," ಎಂದಳು ತಂಗಿ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು. "ಕಾಲು ಹಸಿ ಆಗೇತಿ..."

ನರ್ಸು ಕೌದಿ ಎತ್ತಿದರು. ದಾರಿಯುದ್ದಕ್ಕೂ ನಾನು ಅಪ್ಪಿ ಒತ್ತಿದ್ದಕ್ಕೆ ಡಬ್ಬಿಯ ತಳ ಸೀಳು ಬಿಟ್ಟು, ಒಳಗಿನ ಪ್ಲಾಸ್ಟಿಕ್ಕೂ ಒಡೆದಿತ್ತು. ಮಂಜುಗಡ್ಡೆಯ ನೀರು ಸೋರಿ, ತಂಗಿಯ ಕಾಲು ಮೊಣಕಾಲಿನವರೆಗೆ ತೊಯ್ದಿತ್ತು.

"ತಣ್ಣಂದು ಬ್ಯಾಡಂತ ನಾ ಬಡಕೊಂಡ್ರ, ಬಾಣಂತಿ ಕಾಲಿಗೆ ಬರ್ಫ ತಂದಿಟ್ಟಿಯಲ್ಲೋ ಹುಚ್ಚಪ್ಯಾಲಿ!" ಎಂದಳು ಅವ್ವ.

ಜ್ವರವಿರಲಿಲ್ಲ, ನಂಬರು ಸರಿಯಿತ್ತು. ಆದರೂ ಡಾಕ್ಟರು ಎಲ್ಲವನ್ನೂ ಮತ್ತೊಮ್ಮೆ ನೋಡಿ, ನಡುಕ ಪೂರ್ತಿ ನಿಂತ ಮೇಲೆಯೇ ರಕ್ತ ಬಿಡಲು ಹೇಳಿದರು. ಸಂಜೆ ಎರಡನೆಯ ಚೀಲ ಮುಗಿಯುವ ಹೊತ್ತಿಗೆ ತಂಗಿಯ ತುಟಿಗೆ ಬಣ್ಣ ಬಂದಿತ್ತು. ಕರೆಂಟು ಹೋಗಲೇ ಇಲ್ಲ. ಅಷ್ಟು ಹೆದರಿದ್ದಕ್ಕೆ ಕೊನೆಗೆ ಉಳಿದದ್ದು, ಆಸ್ಪತ್ರೆಯ ಹಿತ್ತಲ ಗೋಡೆಯ ಮೇಲೆ ಒಣಹಾಕಿದ್ದ, ಇನ್ನೂ ನೀರು ಸುರಿಸುತ್ತಿದ್ದ ಅವ್ವನ ಕೌದಿ.