ಬರ್ಲಿನ್ ಬೀದಿಯ ಫೋಟೋ

ಡೆಟ್ರಾಯಿಟ್‌ನ ಮ್ಯೂಸಿಯಮ್ಮಿಗೆ ಹೋಗೋಣ ಎಂದವಳು ಮಗಳು. ಆನ್ ಆರ್ಬರ್‌ನಲ್ಲಿ ಓದುತ್ತಿದ್ದ ಅವಳು ರಜೆಗೆ ಬಂದಿದ್ದಳು. ನಾನು, ಗಂಡ, ಜೊತೆಗೆ ಮಗಳು ಅಂಕಲ್ ಎಂದು ಕರೆಯುವ ಗಂಡನ ಹಿರಿಯ ಸಹೋದ್ಯೋಗಿ ಹೊರಟೆವು. ವಾರೆನ್‌ನಲ್ಲಿ ಇಂಜಿನಿಯರ್ ಆಗಿರುವ ಅವರಿಗೆ ನಮ್ಮ ಕನ್ನಡದವರಲ್ಲಿ ದೊಡ್ಡ ಮನುಷ್ಯರೆಂದು ಹೆಸರು.

ನೂರು ವರ್ಷಕ್ಕೂ ಹಳೆಯ ಜರ್ಮನ್ ಚಿತ್ರವೊಂದರ ಮುಂದೆ ಮಗಳು ನಿಂತಳು. ಬರ್ಲಿನ್ನಿನ ರಾತ್ರಿಯ ಬೀದಿ. ಗರಿಯ ಟೋಪಿ ತೊಟ್ಟ ಇಬ್ಬರು ಹೆಂಗಸರು ಗಿರಾಕಿಗಳಿಗಾಗಿ ನಿಂತಿದ್ದಾರೆ. ಹಿಂದೆ ಕರಿ ಕೋಟಿನ ಗಂಡಸರು. ಎಲ್ಲರ ಮುಖಕ್ಕೂ ಹಳಸಿದ ಸಾರಿನ ಮೇಲೆ ಕಟ್ಟುವ ಬೂಷ್ಟಿನ ಬಣ್ಣ.

ಹೆಂಗಸರನ್ನಲ್ಲ, ಗಂಡಸರನ್ನು ನೋಡು, ಅಂಗಡಿ ನೋಡುವವರ ಹಾಗೆ ನಟಿಸುತ್ತಿದ್ದಾರೆ ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

"ಇಂಥವರನ್ನೆಲ್ಲ ಗೋಡೆಗೆ ಹಾಕ್ತಾರಲ್ಲ," ಎಂದು ಅಂಕಲ್ ಮುಖ ಸಿಂಡರಿಸಿದರು. ಆಮೇಲೆ ಆ ಹೆಂಗಸರದ್ದೇ ಫೋಟೋ ಹೊಡೆದುಕೊಂಡರು. ಸ್ವಲ್ಪ ಹೊತ್ತಿಗೆ ನನ್ನ ಗಂಡನ ಫೋನ್ ಗುಂಯ್‌ಗುಟ್ಟಿತು. ನೋಡಿ ನಕ್ಕರು. "ವಾಟ್ಸ್ ಫನ್ನಿ?" ಎಂದು ಮಗಳು ಕೇಳಿದ್ದೇ ಫೋನು ಜೇಬು ಸೇರಿತು.

ಅಂಕಲ್‌ರನ್ನು ಅವರ ಮನೆಯ ಮುಂದೆ ಇಳಿಸಿದೆವು. ಮಗಳು ಡ್ರೈವ್ ಮಾಡುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಪಕ್ಕದಲ್ಲಿದ್ದ ಗಂಡನ ಫೋನ್ ಕೇಳಿದೆ.

"ಏನಿಲ್ಲ. ಗಂಡಸರ ಗ್ರೂಪಿನ ಜೋಕು."

"ಕೊಡಿ."

ಚಿತ್ರದ ಹೆಂಗಸಿನ ಮುಖ. ಕೆಳಗೆ ಅಂಕಲ್ ಬರೆದಿದ್ದರು: ನಮ್ಮ ನರ್ಸಮ್ಮ ಡ್ಯೂಟಿಗೆ ಹೊರಟರು. ನರ್ಸಮ್ಮ ಎಂದರೆ ನಮ್ಮ ಗೆಳತಿ. ಡೈವೋರ್ಸ್ ಆಗಿ ಒಬ್ಬಳೇ ಇದ್ದಾಳೆ, ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್. ನನಗೆ ಆಪರೇಷನ್ ಆದಾಗ ಒಂದು ವಾರ ನಮ್ಮ ಸೋಫಾದ ಮೇಲೆ ಮಲಗಿ, ಗಾಯದ ಬಟ್ಟೆ ಬದಲಿಸಿದವಳು. ಕೆಳಗೆ ಸಾಲು ಸಾಲು ನಗುವ ಮುಖಗಳು. ಒಂದು ನನ್ನ ಗಂಡನದು.

"ಎಲ್ರೂ ಹಾಕಿದ್ರು, ನಾನೂ ಹಾಕ್ದೆ ಅಷ್ಟೆ."

ಇಪ್ಪತ್ತೆರಡು ವರ್ಷ ಜೊತೆಗಿದ್ದವರ ಮೊಣಕೈ ತಾಗೀತೆಂದು ನಾನು ಬಾಗಿಲಿಗೆ ಒತ್ತಿಕೊಂಡು ಕೂತೆ. ಅದೇ ಫೋನಿನಲ್ಲಿ ಟೈಪ್ ಮಾಡಿದೆ: ಇದನ್ನು ಓದಿದವಳು ಇವರ ಹೆಂಡತಿ. ನಿಮ್ಮ ನರ್ಸಮ್ಮನಿಗೂ ತೋರಿಸುತ್ತೇನೆ. ಹೈವೇಯಲ್ಲಿ ನಮ್ಮ ಎಕ್ಸಿಟ್ ಬರುವಷ್ಟರಲ್ಲಿ ಗಂಡನನ್ನು ಗ್ರೂಪಿನಿಂದ ತೆಗೆದುಹಾಕಿದ್ದರು.

ಮರುದಿನ ಗೆಳತಿಗೆ ತೋರಿಸಿದೆ. ತೋರಿಸಬಾರದಿತ್ತೇನೋ, ಈಗಲೂ ಗೊತ್ತಿಲ್ಲ. ಅವಳು ಎರಡು ಸಲ ಓದಿದಳು.

"ಬಿಪಿ ನೋಡಿಸ್ಕೊಳ್ಳೋಕೆ ನಮ್ಮನೆಗೇ ಬರ್ತಾರಲ್ಲ ಕಣೇ ಇವರು," ಎಂದು ಅಂಕಲ್ ಹೆಸರಿನ ಮೇಲೆ ಬೆರಳಿಟ್ಟಳು. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದಳು, ಬಹಳ ಹೊತ್ತು.

ನನ್ನ ಗಂಡ ಅವಳ ಮನೆಗೆ ಹೋಗಿ ತಪ್ಪಾಯಿತು ಎಂದರು. ಅವಳು ಕಾಫಿ ಕೊಡಲಿಲ್ಲವಂತೆ. ಒಳ್ಳೆಯದಾಯಿತು ಎಂದುಕೊಂಡೆ.