ಇಲ್ಲಮ್ಮನ ಗ್ರಹ

ಸಂಸ್ಥೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಇಲ್ಲಮ್ಮ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಬರೆದ ಮೂವತ್ತೊಂದು ವರದಿಗಳೂ ಒಂದೇ ವಾಕ್ಯದಲ್ಲಿ ಮುಗಿದಿದ್ದವು: ‘ನೀರಾವಿಯ ಗುರುತು ಕಂಡುಬಂದಿಲ್ಲ.’ ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಸುಳ್ಳೇನಲ್ಲವಲ್ಲ ಎಂದು ಸುಮ್ಮನಿದ್ದಳು.

ದೂರದ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವುದು ಅವಳ ಕೆಲಸ. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ, ಆ ನಕ್ಷತ್ರಕ್ಕೂ ನಮಗೂ ನಡುವೆ ಹಾದುಹೋಗುವಾಗ, ಬೆಳಕಿನ ಒಂದು ಚೂರನ್ನು ಮರೆಮಾಡುತ್ತದೆ. ಗ್ರಹಕ್ಕೆ ಗಾಳಿಯ ಹೊದಿಕೆಯಿದ್ದರೆ ಅಂಚಿನ ಒಂದಿಷ್ಟು ಬೆಳಕು ಅದರೊಳಗಿಂದ ಸೋಸಿಕೊಂಡು ಬರುತ್ತದೆ. ಒಂದೊಂದು ಅನಿಲವೂ ತನ್ನ ಪಾಲಿನ ಬಣ್ಣವನ್ನು ನುಂಗಿಕೊಳ್ಳುತ್ತದೆ. ನೀರಾವಿ ನುಂಗುವ ಬಣ್ಣ ಕಣ್ಣಿಗೆ ಕಾಣದ, ಕೆಂಪಿನ ಆಚೆಯದು. ಆ ಬಣ್ಣದಲ್ಲಿ ನೋಡಿದಾಗ ಗ್ರಹ ಕೂದಲೆಳೆಯಷ್ಟು ದೊಡ್ಡದಾಗಿ ಕಂಡರೆ ಅಲ್ಲಿ ನೀರಿದೆ ಎಂದರ್ಥ. ನಕ್ಷೆಯಲ್ಲಿ ಅದೊಂದು ಸಣ್ಣ ಉಬ್ಬು. ಅವಳ ಪಾಲಿಗೆ ಬಂದ ಗ್ರಹಗಳಲ್ಲಿ ಕೆಲವು ಮೋಡ ಹೊದ್ದು ಮಲಗಿದ್ದವು, ಕೆಲವಕ್ಕೆ ಗಾಳಿಯೇ ಇರಲಿಲ್ಲ.

ಸಂಸ್ಥೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಪ್ರತಿ ಗ್ರಹದ ಲೆಕ್ಕವನ್ನೂ ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕೂತು ಮಾಡಬೇಕು. ಇಬ್ಬರ ಹಾಳೆಗಳೂ ಲಕೋಟೆಯಲ್ಲಿ ಮುಖ್ಯಸ್ಥೆಯ ಮೇಜು ಸೇರುವವರೆಗೆ ಆ ಗ್ರಹದ ಬಗ್ಗೆ ಪರಸ್ಪರ ತುಟಿ ಬಿಚ್ಚುವಂತಿಲ್ಲ. ಆಸೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬುದು ಮುಖ್ಯಸ್ಥೆಯ ಭಯ. ಎರಡನೆಯ ಹಾಳೆ ಬರೆಯುವವರಿಗೆ ‘ಎರಡನೇ ಕೈ’ ಎಂದು ಹೆಸರು. ಅವಳ ಎರಡನೇ ಕೈ ಹನ್ನೆರಡು ವರ್ಷಗಳಿಂದ ಪಕ್ಕದ ಕೋಣೆಯಲ್ಲಿ, ಹಲಗೆಯ ಗೋಡೆಯಾಚೆ ಕೂತಿದ್ದ. ಅವನ ಕುರ್ಚಿ ಕಿರುಗುಟ್ಟಿದರೆ ಲೆಕ್ಕ ಎಲ್ಲೋ ತೊಡರಿಕೊಂಡಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಚಹಾದ ಹೊತ್ತಿನಲ್ಲಿ ಅವನ ಹಲ್ಲುನೋವು, ಅವಳ ಅಕ್ಕನ ಹೊಲಿಗೆ ಯಂತ್ರ, ಕೆಟ್ಟುನಿಂತ ಲಿಫ್ಟು ಎಲ್ಲದರ ಮಾತಾಗುತ್ತಿತ್ತು. ಇಬ್ಬರ ಹಾಳೆಗಳೂ ಇಷ್ಟು ವರ್ಷ ಒಮ್ಮೆಯೂ ಬೇರೆಯಾಗಿರಲಿಲ್ಲ.

ಮೂವತ್ತೆರಡನೆಯ ಗ್ರಹವನ್ನು ಅವಳೇ ಅರ್ಜಿ ಬರೆದು ಕೇಳಿ ಪಡೆದಳು. ತಂಪಾದ ಒಂದು ಕೆಂಪು ನಕ್ಷತ್ರವನ್ನು ಇಪ್ಪತ್ತನಾಲ್ಕು ದಿನಕ್ಕೊಮ್ಮೆ ಸುತ್ತುವ ಪುಟ್ಟ ಗ್ರಹ. ಮೂರು ಸಲ ಅದು ಹಾದುಹೋಗುವುದನ್ನು ನೋಡಲು ಬಾಹ್ಯಾಕಾಶದ ದೂರದರ್ಶಕದಲ್ಲಿ ಸಮಯ ಸಿಕ್ಕಿತು. ಮೊದಲ ಸಲವೇ ನಕ್ಷೆಯಲ್ಲಿ ಉಬ್ಬು ಎದ್ದಿತು.

ಆ ಸಂಜೆ ಮನೆಗೆ ಬಂದಾಗ, ಮುಂದಿನ ಕೋಣೆಯಲ್ಲಿ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದ ಅಕ್ಕ ಕತ್ತೆತ್ತಿದಳು.

“ಏನು, ಸಿಕ್ತಾ?”

“ಹೇಳೋ ಹಾಗಿಲ್ಲ ಅಕ್ಕ.”

“ಹಾಗಂದ್ರೆ ಸಿಕ್ಕಿದೆ. ಇಲ್ಲದಿದ್ರೆ ಚಪ್ಪಲಿ ಬಿಡೋಕೆ ಮುಂಚೆನೇ ಇಲ್ಲ ಅಂತಿದ್ದೆ.” ಅಕ್ಕ ಬಾಯಲ್ಲಿದ್ದ ದಾರ ಕಡಿದಳು. “ಊರಿಗೆಲ್ಲ ಗ್ರಹಚಾರ ಬೇರೆ, ನೌಕರಿ ಬೇರೆ. ನಿನಗೆ ಎರಡೂ ಒಂದೇ ನೋಡು.”

ಅವಳಿಗೆ ನಗು ಬಂತು. ಒಂದೇ ಒಂದು ವರದಿಯನ್ನು ‘ಇದೆ’ ಎಂದು ಮುಗಿಸಬೇಕು ಎಂಬ ಹಂಬಲ ಅವಳಲ್ಲಿ ಬಹಳ ಹಳೆಯದು, ಆದರೆ ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಈಗ ದಾರಿಯಲ್ಲಿ ಇಸ್ತ್ರಿ ಪೆಟ್ಟಿಗೆಯಡಿ ಹಬೆ ಎದ್ದರೂ, ಹೋಟೆಲಿನ ಕಿಟಕಿಯ ಗಾಜು ಮಸುಕಾದರೂ ಮನಸ್ಸು ಆ ಗ್ರಹಕ್ಕೆ ಹಾರುತ್ತಿತ್ತು. ಎರಡನೆಯ ಸಲವೂ ಉಬ್ಬು ಬಂತು. ಗೋಡೆಯಾಚೆ ಅವನಿಗೂ ಅದು ಕಂಡಿರಬೇಕು. ಹಲಗೆಯನ್ನು ಒಮ್ಮೆ ತಟ್ಟಿ ಕೇಳಿಬಿಡಲೇ ಎನಿಸಿದಾಗಲೆಲ್ಲ ಅವಳು ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂರುತ್ತಿದ್ದಳು.

“ಈಚೆಗೆ ಮೆಟ್ಟಿಲು ಹತ್ತುವಾಗ ಹಾಡು ಗುನುಗ್ತೀರಿ,” ಎಂದ ಅವನು ಒಂದು ದಿನ, ಲೋಟದಿಂದ ಕಣ್ಣೆತ್ತದೆ.

“ಲಿಫ್ಟ್ ಕೆಟ್ಟಿದೆಯಲ್ಲ, ಅದಕ್ಕೆ.”

“ಲಿಫ್ಟ್ ಕೆಟ್ಟಿದ್ದಕ್ಕೆ ಬೈಯೋರನ್ನ ನೋಡಿದ್ದೀನಿ, ಹಾಡೋರನ್ನ ನೋಡಿರಲಿಲ್ಲ.”

ಮೂರನೆಯ ಸಲದ ಉಬ್ಬು ಎಲ್ಲಕ್ಕಿಂತ ಎತ್ತರವಾಗಿತ್ತು. ಹಿಗ್ಗಬೇಕಾದಲ್ಲಿ ಅವಳಿಗೆ ಅಳುಕಾಯಿತು. ಅದೇ ಗ್ರಹ, ಅದೇ ಗಾಳಿ. ಇಪ್ಪತ್ತನಾಲ್ಕು ದಿನದಲ್ಲಿ ನೀರು ಬೆಳೆಯುವುದು ಹೇಗೆ? ಗ್ರಹ ಅಡ್ಡಬರುವ ಮುಂಚಿನ ಮತ್ತು ಆಮೇಲಿನ ಗಂಟೆಗಳ ಬೆಳಕನ್ನು, ಸಾಮಾನ್ಯವಾಗಿ ಯಾರೂ ಕಣ್ಣೆತ್ತಿ ನೋಡದ ಆ ಭಾಗವನ್ನು, ಅವಳು ಬಿಡಿಸಿ ನೋಡಿದಳು. ಪ್ರತಿ ಸಲವೂ ನಕ್ಷತ್ರ ಸ್ವಲ್ಪ ಸ್ವಲ್ಪವೇ ಮಂಕಾಗಿತ್ತು. ಮಂಕಾದಷ್ಟೂ ಉಬ್ಬು ಎತ್ತರ. ಕೆಂಪು ನಕ್ಷತ್ರಗಳ ಮೈಮೇಲೆ ದೊಡ್ಡ ದೊಡ್ಡ ಕಲೆಗಳಿರುತ್ತವೆ. ಆ ಕಲೆಗಳು ಎಷ್ಟು ತಂಪೆಂದರೆ ನಕ್ಷತ್ರದ ಮೇಲೆಯೇ ನೀರಾವಿ ಉಳಿದಿರುತ್ತದೆ. ಗ್ರಹ ಕಲೆಯಿಲ್ಲದ ಭಾಗವನ್ನು ದಾಟಿಹೋದರೂ, ಪಕ್ಕದ ಕಲೆಗಳ ಆವಿಯನ್ನು ಲೆಕ್ಕ ಗ್ರಹದ ತಲೆಗೆ ಕಟ್ಟಿಬಿಡುತ್ತದೆ.

ಕಲೆಗಳ ಪಾಲನ್ನು ಕಳೆಯಲೇಬೇಕೆಂದು ಮೊದಲೇ ಒಪ್ಪಿಕೊಂಡ ಯೋಜನೆಯಲ್ಲಿ ಇರಲಿಲ್ಲ. ‘ಅಗತ್ಯವೆನಿಸಿದರೆ’ ಎಂದಷ್ಟೇ ಇತ್ತು. ಕಳೆಯದೆ ಕೊಟ್ಟರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಲಕೋಟೆ ಕೊಡಲು ಎರಡು ದಿನ ಉಳಿದಿತ್ತು.

“ಯಾರಾದ್ರೂ ತಪ್ಪು ಅಳತೆ ಕೊಟ್ಟು, ಹಾಗೇ ಹೊಲಿ ಅಂದ್ರೆ ಏನು ಮಾಡ್ತೀಯ?” ಎಂದು ಅಕ್ಕನನ್ನು ಕೇಳಿದಳು.

“ಹೊಲಿದು ಕೊಡ್ತೀನಿ. ತೊಟ್ಟುಕೊಳ್ಳೋದು ಅವರು ತಾನೆ?”

“ತೊಟ್ಟುಕೊಳ್ಳೋದು ನಾನೇ ಆದ್ರೆ?”

ಅಕ್ಕ ಯಂತ್ರ ನಿಲ್ಲಿಸಿ ತಂಗಿಯ ಮುಖವನ್ನೇ ನೋಡಿದಳು. “ಹಾಗಾದ್ರೆ ಬಿಚ್ಚಿಬಿಡು. ಕಂಕುಳಲ್ಲಿ ಹಿಡಿಯೋದು ನಿನಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ?”

ಮರುದಿನ ಅವಳು ಕಲೆಗಳ ಪಾಲನ್ನು ಕಳೆದಳು. ಉಬ್ಬು ಇಳಿಯಿತು. ಗೆರೆ ನೀಟಾಗಿ ಮಲಗಿತು. ಅದನ್ನೇ ಲಕೋಟೆಯಲ್ಲಿಟ್ಟು, ಅಂಟು ಒಣಗುವವರೆಗೆ ಅಂಗೈಯಿಂದ ಒತ್ತಿ ಹಿಡಿದಳು.

ಮುಖ್ಯಸ್ಥೆ ಇಬ್ಬರನ್ನೂ ಕರೆಸಿ, ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದಳು. ಅವನ ಹಾಳೆಯಲ್ಲಿ ನೀರಿತ್ತು.

“ಕಲೆ ಕಳೆದಿಲ್ವಾ ನೀವು?” ಮುಖ್ಯಸ್ಥೆ ಅವನನ್ನು ಕೇಳಿದಳು.

“ಇಲ್ಲ.”

“ಕಾಣಲಿಲ್ವಾ?”

“ಕಂಡಿತ್ತು.” ಅವನು ಮೇಜಿನ ಅಂಚನ್ನು ನೋಡುತ್ತಿದ್ದ. “ಒಂದು ಸಲ ಇರಲಿ ಅನಿಸ್ತು.”

“ಇರಲಿ ಅಂದ ಮಾತ್ರಕ್ಕೆ ಇರುತ್ತೇನ್ರೀ?” ಎಂದ ಮುಖ್ಯಸ್ಥೆ ಹಾಳೆಗಳನ್ನು ಮಡಚಿಕೊಂಡು ಹೊರನಡೆದಳು.

ಉಳಿದವರು ಇಬ್ಬರೇ.

“ನನಗೋಸ್ಕರನಾ?” ಎಂದಳು ಅವಳು.

“ನೀವೂ ಹಾಗೇ ಬಿಡ್ತೀರಿ ಅಂದುಕೊಂಡೆ. ಎಷ್ಟು ವರ್ಷದಿಂದ ಬೇಕಾಗಿತ್ತಲ್ಲ ನಿಮಗೆ.”

“ನಾನು ಯಾವತ್ತೂ ಹೇಳಿರಲಿಲ್ಲ.”

“ಹೇಳಬೇಕಾಗಿತ್ತಾ? ಪ್ರತಿ ಸಲ ‘ಇಲ್ಲ’ ಅಂತ ಬರೆಯೋಕೆ ಮುಂಚೆ ಎಷ್ಟೋ ಹೊತ್ತು ನಿಮ್ಮ ಕೋಣೇಲಿ ಸದ್ದೇ ಇರೋದಿಲ್ಲ.”

ಅವಳಿಗೆ ಸಿಟ್ಟು ಬಂತು. ತನ್ನ ಬಯಕೆ ಇಷ್ಟು ನಿಖರವಾಗಿ ಬೇರೊಂದು ಜೀವಕ್ಕೆ ತಿಳಿದಿತ್ತು ಎಂಬುದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ; ತಿಳಿದ ಆ ಒಬ್ಬನೇ ಅದನ್ನು ತಿಳಿಯಬಾರದವನಾಗಿದ್ದ.

ಅವನು ತನ್ನ ಹಾಳೆಯನ್ನು ಹಿಂತೆಗೆದುಕೊಂಡ. ಮಲಗಿದ ಗೆರೆಯೂ ನೀರಿಲ್ಲವೆಂದು ಸಾಧಿಸುವುದಿಲ್ಲ. ಮೂರು ಸಲ ನೋಡಿದ್ದಷ್ಟರಿಂದ ತಿಳಿಯದು ಎನ್ನುತ್ತದೆ, ಅಷ್ಟೆ. ಇನ್ನೂ ಆರು ಸಲ ನೋಡಲು ಅವಳು ಹೊಸ ಅರ್ಜಿ ತುಂಬಿದಳು. ಆ ನಕ್ಷತ್ರ ದೂರದರ್ಶಕದ ನೋಟಕ್ಕೆ ಮತ್ತೆ ಸಿಗಲು ಏಳು ತಿಂಗಳು ಕಾಯಬೇಕು. ಎರಡನೇ ಕೈ ಎಂಬ ಕಡೆ ‘ಬೇರೊಬ್ಬರು’ ಎಂದು ಬರೆದಳು.

“ಬದಲಿಸಲೇಬೇಕಾ?” ಎಂದಳು ಮುಖ್ಯಸ್ಥೆ. “ಬೈಯೋದು ಬೈದಾಯ್ತು. ಕೆಲಸಗಾರ ಒಳ್ಳೆಯವನು.”

“ಒಳ್ಳೆಯವರೇ. ನನಗೇನು ಬೇಕು ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ.”

ಪಕ್ಕದ ಕೋಣೆಗೆ ಮೇಲಿನ ಮಹಡಿಯಿಂದ ಹೊಸಬಳೊಬ್ಬಳು ಬಂದಳು. ಅವನಿಗೆ ಅಂಗಳದಾಚೆಯ ಕಟ್ಟಡದಲ್ಲಿ ಮೇಜು ಹಾಕಿಕೊಟ್ಟರು. ಹೊಸಬಳ ಕುರ್ಚಿ ಸದ್ದು ಮಾಡುತ್ತಿರಲಿಲ್ಲ. ಅವಳ ಲೆಕ್ಕ ಎಲ್ಲಿ ತೊಡರುತ್ತದೆಂದು ತಿಳಿಯುವ ಬಗೆಯಿರಲಿಲ್ಲ. ತಿಳಿಯಕೂಡದು ಎಂದೇ ಅಲ್ಲವೇ ಗೋಡೆ ಎಂದು ಇವಳು ತನಗೆ ತಾನೇ ಹೇಳಿಕೊಂಡು ದಿನ ದೂಡಿದಳು.

ಎರಡು ವಾರವಾದ ಮೇಲೆ ಒಂದು ಮಧ್ಯಾಹ್ನ ಅವನು ಬಾಗಿಲಲ್ಲಿ ಬಂದು ನಿಂತ.

“ನಾನೀಗ ನಿಮ್ಮ ಯಾವ ಕೈಯೂ ಅಲ್ಲ,” ಎಂದ. “ಒಂದು ಮಾತು ಕೇಳಬಹುದಾ?”

“ಕೇಳಿ.”

“ಆ ಗ್ರಹ ಹೇಗಿರುತ್ತೆ ಅಂದುಕೊಂಡಿದ್ರಿ ನೀವು?”

ಈ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಎದ್ದುಹೋಗಿ ಬಾಗಿಲು ಮುಂದೆ ಮಾಡಿದಳು. ಇನ್ನೊಂದು ಕುರ್ಚಿಯನ್ನು ಹಲಗೆಯ ಗೋಡೆಯಿಂದ ಆದಷ್ಟು ದೂರಕ್ಕೆ ಎಳೆದು ಅವನಿಗೆ ತೋರಿಸಿ, ಹೊಸಬಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳತೊಡಗಿದಳು.